ರೀಫ್ ಟ್ಯಾಂಕ್‌ಗೂ ಮೀನಿನ ಟ್ಯಾಂಕ್‌ಗೂ ಒಂದೇ ಸಂಪ್ ಸಾಕಾ?

ಹವಳವಿರುವ ರೀಫ್ ಟ್ಯಾಂಕ್, ಬರೀ ಮೀನಿರುವ ಉಪ್ಪುನೀರಿನ ಟ್ಯಾಂಕ್, ಎರಡಕ್ಕೂ ಒಂದೇ ಸಂಪ್ (ಟ್ಯಾಂಕ್‌ಗಳ ನೀರು ಇಳಿದು, ಶುದ್ಧವಾಗಿ, ಪಂಪ್‌ನಿಂದ ಮತ್ತೆ ಮೇಲೆ ಹೋಗುವ ಕೆಳಗಿನ ತೊಟ್ಟಿ) ಇಡಬಹುದಾ ಎಂದು ಕೇಳಿದ್ದೀರಿ. ಇಡಬಹುದು. ಆದರೆ ಪೈಪ್ ಸೇರಿಸಿದ ಮೇಲೆ ಎರಡೂ ಕಡೆ ಒಂದೇ ನೀರು. ಅದು ಹವಳಕ್ಕೆ ಒಪ್ಪುವಂತಿರಬೇಕು: ಉಪ್ಪಿನ ಮಟ್ಟ ತೋರಿಸುವ ಸಾಂದ್ರತೆ (ಸ್ಪೆಸಿಫಿಕ್ ಗ್ರಾವಿಟಿ) 1.025ರ ಆಸುಪಾಸು, ಗಲೀಜಿನಿಂದ ಬರುವ ನೈಟ್ರೇಟ್ 10 ಪಿಪಿಎಂ (ಹತ್ತು ಲಕ್ಷಕ್ಕೆ 10 ಭಾಗ) ಒಳಗೆ. ದೊಡ್ಡ ಮೀನುಗಳ ಗಲೀಜು ಜಾಸ್ತಿ, ಸ್ಕಿಮ್ಮರ್ (ನೊರೆಯ ಜೊತೆ ಗಲೀಜು ತೆಗೆಯುವ ಉಪಕರಣ) ದೊಡ್ಡದೇ ಹಾಕಿ.

ನನಗೆ ನಿಜವಾಗಿ ಭಯವಿರುವುದು ಔಷಧಿಯ ವಿಷಯದಲ್ಲಿ. ಬಿಳಿಚುಕ್ಕೆ ರೋಗಕ್ಕೆ ತಾಮ್ರದ ಔಷಧಿ ಹಾಕುತ್ತಾರೆ ಅಲ್ವಾ? ಅದೇ ತಾಮ್ರ ಹವಳ, ಸೀಗಡಿ, ಬಸವನಹುಳುಗಳನ್ನು ಕೊಲ್ಲುತ್ತದೆ. ಕಲ್ಲು, ಮರಳಿನಲ್ಲೂ ಸೇರಿಕೊಳ್ಳುತ್ತದೆ. ರೋಗವೂ ನೀರಿನ ಜೊತೆ ಆ ಕಡೆಯ ಮೀನುಗಳಿಗೆ ಹರಡುತ್ತದೆ. ಹಾಗಾಗಿ ಚಿಕಿತ್ಸೆಗೆ, ಹೊಸ ಮೀನುಗಳನ್ನು ಇಡುವುದಕ್ಕೆ, ಪೈಪ್ ಸಂಪರ್ಕವೇ ಇಲ್ಲದ ಸಣ್ಣ ಟ್ಯಾಂಕ್ ಬೇಕೇ ಬೇಕು.

ಕರೆಂಟ್ ಹೋದಾಗ ಎರಡೂ ಟ್ಯಾಂಕ್‌ಗಳಿಂದ ಇಳಿಯುವ ನೀರು ಸಂಪ್‌ನಲ್ಲಿ ಹಿಡಿಸುತ್ತದಾ ಎಂದು ಪಂಪ್ ಆಫ್ ಮಾಡಿ ಮೊದಲೇ ನೋಡಿಕೊಳ್ಳಿ.