ತಮ್ಮನನ್ನು ಮನೆಗೆ ಕರ್ಕೊಂಡು ಬರಬಹುದಾ?

ಮನಸ್ಸಿನ ಕಾಯಿಲೆ ಜೋರಾಗಿದ್ದಾಗ ಅಪರಾಧ ಮಾಡಿ, ಕೋರ್ಟಿನ ಮೂಲಕ ಆಸ್ಪತ್ರೆ ಸೇರಿದವರ ಬಗ್ಗೆ ಬರುವ ಪತ್ರಗಳಲ್ಲಿ ಮತ್ತೆ ಮತ್ತೆ ಇದೇ ಪ್ರಶ್ನೆ. ಈ ಸಲ ಜಾಗವೆಲ್ಲ ಇದಕ್ಕೇ.

ಒಂದು ಪತ್ರ ಹೀಗಿದೆ: ಸ್ಕಿಜೋಫ್ರೇನಿಯಾ (ಇಲ್ಲದ್ದು ಇದೆ ಅನ್ನಿಸುವ ಮನೋರೋಗ) ಇರುವ ನನ್ನ ತಮ್ಮ, ಚಿಕ್ಕಪ್ಪನ ಮೇಲೆ ಮಚ್ಚು ಬೀಸಿದ್ದ. ಚಿಕ್ಕಪ್ಪ ಉಳಿದರು. ಕಾಯಿಲೆಯ ಕಾರಣಕ್ಕೆ ಕೋರ್ಟು ತಮ್ಮನನ್ನು ಖುಲಾಸೆ ಮಾಡಿ ಆಸ್ಪತ್ರೆಯಲ್ಲಿ ಇರಿಸಿದೆ. ಈಗ ಹುಷಾರಾಗಿದ್ದಾನಂತೆ. ಊರವರು ಬೇಡ ಅಂತಾರೆ.

ಊರವರು ಮಾತ್ರೆ ಕೊಡಲ್ಲ, ಕೋರ್ಟಿಗೂ ಬರಲ್ಲ. ಅವರನ್ನು ಬಿಡಿ. ಕರೆತರಬಹುದು. ಆದರೆ ಡಾಕ್ಟರು ಹೇಳಿದ ಮಾತ್ರಕ್ಕೆ ಆಸ್ಪತ್ರೆಯ ಬಾಗಿಲು ತೆಗೆಯಲ್ಲ. ಸರಿಯಾಗಿ ನೋಡಿಕೊಳ್ಳುತ್ತೇವೆ, ಯಾರಿಗೂ ಅಪಾಯವಾಗಲು ಬಿಡಲ್ಲ ಅಂತ ನೀವು ಅರ್ಜಿ ಹಾಕಿ ಭದ್ರತೆ ಕೊಡಬೇಕು. ಕ್ರಿಮಿನಲ್ ಕೇಸು ನಡೆಸುವ ಹಳೇ ಕಾಯ್ದೆ ಸಿಆರ್‌ಪಿಸಿಯ 335, 339ನೇ ಕಲಂ. ಈಗ ಅದರ ಜಾಗಕ್ಕೆ ಬಂದಿರುವ ಬಿಎನ್‌ಎಸ್‌ಎಸ್‌ನಲ್ಲಿ 374, 378. ವಕೀಲರಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಯಾರೂ ಕೇಳದಿದ್ದರೆ ಏನಾಗುತ್ತದೆ ಗೊತ್ತಾ? ಅಸ್ಸಾಮಿನ ಮಚಾಂಗ್ ಲಾಲುಂಗ್ 1951ರಲ್ಲಿ ಒಳಗೆ ಹೋದವರು. ಹುಷಾರಾಗಿದ್ದಾರೆ ಅಂತ ತೇಜಪುರದ ಆಸ್ಪತ್ರೆ 1967ರಲ್ಲೇ ಹೇಳಿತ್ತು. ಹೊರಗೆ ಬಂದಿದ್ದು 2005ಕ್ಕೆ!

ಇನ್ನು ನನ್ನ ಅಂಜಿಕೆ. ವಾರ್ಡಿನಲ್ಲಿ ಹುಷಾರಾಗಿರುವುದು ಸುಲಭ, ಅಲ್ಲಿ ಸಿಸ್ಟರ್ ಎದುರು ನಿಂತು ಮಾತ್ರೆ ನುಂಗಿಸುತ್ತಾರೆ. ಮನೆಯಲ್ಲಿ ಯಾರು ನುಂಗಿಸುತ್ತೀರಿ? ಮಾತ್ರೆ ತಪ್ಪುವ ಹಾಗಿದ್ದರೆ ಕೆಲವು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್ ಬಗ್ಗೆ ಕೇಳಿ. ಕುಡಿತ ಪೂರ್ತಿ ಬಂದ್. ಚಿಕ್ಕಪ್ಪನೂ ಅದೇ ಮನೆಯಲ್ಲಿದ್ದರೆ ಮೊದಲು ಅವರನ್ನು ಕೇಳಿ, ಅವರ ಭಯ ಸುಮ್ನೆ ಅಲ್ಲ.

‘ಆ ವಿಷಯ ಅವನ ಮುಂದೆ ಎತ್ತಬೇಡಿ ಡಾಕ್ಟ್ರೇ’ ಅನ್ನುವವರೇ ಜಾಸ್ತಿ. ಎತ್ತಲೇಬೇಕು. ‘ಚಿಕ್ಕಪ್ಪ ವಿಷ ಹಾಕ್ತಾರೆ ಅನ್ನಿಸ್ತಿತ್ತು, ಹೊಡೆದುಬಿಟ್ಟೆ’ ಅಂತ ಅವನ ಬಾಯಿಂದಲೇ ಬಂದರೆ ನನಗೆ ಅರ್ಧ ಧೈರ್ಯ. ‘ಏನೂ ಆಗಿಲ್ಲ’ ಅಂದರೆ ನಾನಾದರೆ ಇನ್ನೂ ಸ್ವಲ್ಪ ಕಾಯುತ್ತೇನೆ. ಭ್ರಮೆ ಇಳಿದ ಮೇಲೆ ಮಾಡಿದ್ದು ಕಾಡುತ್ತದೆ, ಮಂಕಾಗುತ್ತಾರೆ. ಅದನ್ನು ಸೋಮಾರಿತನ ಅಂತ ಬೈಯಬೇಡಿ. ಸಾಯುವ ಯೋಚನೆ ಬರುತ್ತಾ ಅಂತ ನೇರವಾಗಿ ಕೇಳಿ.

ಎರಡು ರಾತ್ರಿ ನಿದ್ದೆ ಇಲ್ಲದೆ ಓಡಾಡಿದರೆ, ಅಮ್ಮ ಕೊಟ್ಟ ಕಾಫಿ ಲೋಟ ಮೂಸಿ ಪಕ್ಕಕ್ಕಿಟ್ಟರೆ, ಮಾರನೇ ದಿನವೇ ಆಸ್ಪತ್ರೆ. ‘ಹಬ್ಬ ಮುಗೀಲಿ’ ಅನ್ನಬೇಡಿ.

ಹುಚ್ಚನ ನಾಟಕ ಆಡಿ ತಪ್ಪಿಸಿಕೊಂಡರಲ್ಲವಾ?

ವಾರ್ಡಿನಲ್ಲಿ ಹಗಲೂ ರಾತ್ರಿ ಗಮನಿಸುತ್ತಾರೆ. ಅಷ್ಟು ದಿನ ನಾಟಕ ಆಡಿ ನೋಡಿ.

ತಾಯತ ಕಟ್ಟಿಸಿ ಮಾತ್ರೆ ನಿಲ್ಲಿಸಬಹುದಾ?

ತಾಯತ ಇರಲಿ. ಮಾತ್ರೆ ಬಿಡಿಸುವ ಮಂತ್ರವಾದಿಯನ್ನು ಹೊಸಿಲು ದಾಟಿಸಬೇಡಿ. ಸರಪಳಿ ಹಾಕುವುದನ್ನಂತೂ 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ನಿಷೇಧಿಸಿದೆ.

ಮದುವೆ ಮಾಡಿದರೆ ಸರಿಹೋಗ್ತಾನಾ?

ಇಲ್ಲ. ಹುಡುಗಿಗೆ ಹೇಳದೆ ಮಾಡುವ ಯೋಚನೆಯಿದ್ದರೆ ನನಗೆ ಬರೆಯಲೇಬೇಡಿ.