ಟೂರ್ನಮೆಂಟ್ ವಯಸ್ಸು ದಾಟಿದ ಮೇಲೂ ಕರಾಟೆ ಯಾಕೆ ಮಾಡಬೇಕು?

ನಿಮ್ಮ ಪ್ರಶ್ನೆ ಇಷ್ಟು: ರಾಯಚೂರಿನಲ್ಲಿ ಮಗಳನ್ನು ಶೋಟೋಕಾನ್ ಶೈಲಿಯ ಕರಾಟೆ ಕ್ಲಾಸಿಗೆ ಬಿಡೋಕೆ ಹೋಗಿ ನೀವೂ ಸೇರಿದಿರಿ. ಈಗ 41 ವಯಸ್ಸು, ಬ್ರೌನ್ ಬೆಲ್ಟ್, ಅಂದರೆ ಬ್ಲ್ಯಾಕ್ ಬೆಲ್ಟಿಗೆ ಮುಂಚಿನದು. ಟೂರ್ನಮೆಂಟ್ ಆಡೋದಿಲ್ಲ, ಬೀದಿ ಜಗಳದ ಪ್ರಸಂಗವೂ ಇಲ್ಲ. ಹಾಗಾದರೆ ಅದೇ ಕಟಾ, ಅಂದರೆ ಒಬ್ಬರೇ ಮಾಡುವ ಗೊತ್ತಾದ ಚಲನೆಗಳ ಸರಣಿ, ದಿನಾ ಯಾತಕ್ಕೆ?

ಉದ್ದೇಶ ಮೊದಲು ಗೊತ್ತಾಗಲಿ, ಆಮೇಲೆ ಮಾಡೋಣ ಅಂದರೆ ಅದು ಸಿಗೋದಿಲ್ಲ. ಮಾಡುವ ರೀತಿ ಬದಲಾದಾಗಲೇ ಉದ್ದೇಶವೂ ಬದಲಾಗೋದು. ಗ್ರೇಡಿಂಗಿಗೆ (ಬೆಲ್ಟ್ ಪರೀಕ್ಷೆಗೆ) ತಯಾರಾದ ಹಾಗೇ ಈಗಲೂ ಮಾಡುತ್ತಿದ್ದೀರಿ ಅಂತ ನನ್ನ ಊಹೆ. ಬೇಸರ ಅಲ್ಲಿಂದಲೇ ಬರುತ್ತದೆ.

ಶುರುವಿನಲ್ಲಿ ಕಲಿಸುವ ಕಟಾ ಹೇಯಾನ್ ಶೋಡಾನ್ ತಗೊಳ್ಳಿ, 21 ಎಣಿಕೆ. ವೈಟ್ ಬೆಲ್ಟಿನಲ್ಲಿ ಯಾವ ಕಡೆ ತಿರುಗಬೇಕು ಅನ್ನೋದೇ ದೊಡ್ಡ ಪರೀಕ್ಷೆ. ಈಗ ಬರೀ ನಾಲ್ಕನೇ ಎಣಿಕೆ ನೋಡಿ: ಮುಂದಿನ ಬಲಗಾಲು ಹಿಂದಕ್ಕೆ ಬರುತ್ತದೆ, ಬಲಗೈ ಸುತ್ತಿ ಬಂದು ಮುಷ್ಟಿಯ ಕಿರುಬೆರಳ ಕಡೆಯಿಂದ ಸುತ್ತಿಗೆಯ ಹಾಗೆ ಬೀಳುತ್ತದೆ. ಮಗಳಿಗೆ ನಿಮ್ಮ ಬಲ ಮಣಿಕಟ್ಟು ಗಟ್ಟಿಯಾಗಿ ಹಿಡಿಯೋಕೆ ಹೇಳಿ. ಬರೀ ಕೈ ಎಳೆದರೆ ಭುಜ ಮೇಲೇಳುತ್ತದೆ, ಕೈ ಬಿಡಿಸಿಕೊಳ್ಳೋದಿಲ್ಲ. ಮೊದಲು ಕಾಲು ಎಳೆದು ಭಾರ ಹಿಂದಕ್ಕೆ ತಂದು, ಮೊಣಕೈ ಮಡಿಸಿ, ಅವಳ ಹೆಬ್ಬೆರಳು ಬೆರಳುಗಳ ನಡುವಿನ ಸಂದಿನ ಕಡೆ ಮಣಿಕಟ್ಟು ತಿರುಗಿಸಿ. ಹಿಡಿತದ ಬಲಹೀನ ಜಾಗ ಅದೇ. ಏಟನ್ನು ಒಂದು ಗೇಣು ದೂರದಲ್ಲೇ ನಿಲ್ಲಿಸಿ, ಪಾಳಿ ಬದಲಿಸಿ ಹತ್ತತ್ತು ಸಲ ಮಾಡಿ. ಆಮೇಲೆ ಇಡೀ ಕಟಾ ಮಾಡಿ ನೋಡಿ, ಸೊಂಟಕ್ಕೆ ಎಳೆಯುವ ಕೈ ಕೂಡ ಅಲಂಕಾರಕ್ಕಿಲ್ಲ, ಎದುರಾಳಿಯ ತೋಳು ಹಿಡಿದು ಎಳೆಯೋದಕ್ಕೆ ಇದೆ ಅನ್ನಿಸುತ್ತದೆ.

ಬಿಗಿಯ ವಿಷಯಕ್ಕೆ ಮನೆಯಲ್ಲಿ ಜೋಳದ ರೊಟ್ಟಿ ಬಡಿಯುವವರ ಕೈ ಗಮನಿಸಿ. ಹಿಟ್ಟಿಗೆ ತಾಗುವ ಹೊತ್ತಿಗೆ ಮಾತ್ರ ಅಂಗೈ ಬಿಗಿ, ಎತ್ತುವಾಗ ಸಡಿಲ. ಪಂಚ್ ಹೊರಟಾಗಿನಿಂದಲೇ ಮುಷ್ಟಿ ಬಿಗಿದುಕೊಂಡರೆ ವೇಗ ಭುಜದಲ್ಲೇ ಸತ್ತುಹೋಗುತ್ತದೆ.

ಈ ವಯಸ್ಸಿನಲ್ಲಿ ಮುಖ್ಯವಾಗಿ ಕೆಡೋದು ಮಂಡಿ. ಒಂದು ಕಾಲು ಮುಂದಿಟ್ಟು ಆ ಮಂಡಿ ಮಡಿಸಿ ನಿಲ್ಲುವ ನಿಲುವಿನಲ್ಲಿ ಎರಡೂ ಪಾದ ಒಂದೇ ಗೆರೆಯಲ್ಲಿ ಬಂದರೆ ಮೈ ಓಲಾಡುತ್ತದೆ, ಸರಿಮಾಡೋಕೆ ಹೋಗಿ ಮುಂದಿನ ಮಂಡಿ ಒಳಕ್ಕೆ ಬೀಳುತ್ತದೆ, ಒಳಬದಿ ನೋವು ಶುರು. ಸೀಮೆಸುಣ್ಣದಿಂದ ಸೊಂಟದಗಲ ಬಿಟ್ಟು ಎರಡು ಗೆರೆ ಎಳೆಯಿರಿ, ಒಂದೊಂದು ಪಾದ ಒಂದೊಂದರ ಮೇಲೆ ಇರಲಿ. ಭಾರ ಮುಂದೆ 60, ಹಿಂದೆ 40. ಮಂಡಿ ಬೆರಳುಗಳ ದಿಕ್ಕಿಗೇ ಇರಬೇಕು. ಶೋಕಿಗೆ ತೀರಾ ತಗ್ಗಿ ಕೂರೋದು ಬೇಡ.

ನೆಲವನ್ನೂ ನೋಡಿಕೊಳ್ಳಿ. ಶಹಾಬಾದ್ ಕಲ್ಲಿನ ಮೇಲೆ ಬೆವರು ಬಿದ್ದರೆ ಜಾರುತ್ತದೆ, ಪಕ್ಕದಲ್ಲಿ ಒಣ ಬಟ್ಟೆ ಇರಲಿ. ಒರಟು ಸಿಮೆಂಟಿನ ಮಾಳಿಗೆಯಲ್ಲಿ ಉಲ್ಟಾ: ಮವಾಶಿ ಗೇರಿ (ಪಕ್ಕದಿಂದ ಸುತ್ತಿ ಬರುವ ಕಿಕ್) ಹೊಡೆಯುವಾಗ ನಿಂತ ಪಾದ ತಿರುಗದೆ ಕಚ್ಚಿಕೊಳ್ಳುತ್ತದೆ, ತಿರುವೆಲ್ಲ ಮಂಡಿಗೆ ಬೀಳುತ್ತದೆ. ಅಲ್ಲಿ ನೇರ ಕಿಕ್ ಮಾತ್ರ ಸಾಕು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 40 ದಾಟುತ್ತದೆ, ಬೆಳಿಗ್ಗೆ ಆರೂವರೆಯೊಳಗೆ ಮುಗಿಸಿಬಿಡಿ. 35 ನಿಮಿಷ ಧಾರಾಳ: 5 ಕೀಲು ಸಡಿಲಿಸೋಕೆ, 10 ನಿಲುವು, 15 ಒಂದೇ ಕಟಾ, 5 ಸ್ಟ್ರೆಚಿಂಗ್.

ಇನ್ನು ಟೂರ್ನಮೆಂಟ್ ಇಲ್ಲವಲ್ಲ ಅನ್ನೋ ಕೊರಗು. ಕರಾಟೆ ಒಲಿಂಪಿಕ್ಸಿನಲ್ಲಿ ಪದಕದ ಆಟವಾಗಿದ್ದು ಟೋಕಿಯೋದಲ್ಲಿ, 2021ರಲ್ಲಿ. 2024ರ ಪ್ಯಾರಿಸ್‌ನಲ್ಲಿ ಇರಲೇ ಇಲ್ಲ. ಅದಕ್ಕೂ ಬಹಳ ಮೊದಲು, 20ನೇ ಶತಮಾನದ ಆರಂಭದಲ್ಲಿ, ಜಪಾನಿನ ಒಕಿನಾವಾ ದ್ವೀಪದ ಕರಾಟೆ ಗುರು ಇತೋಸು ಇದನ್ನು ಶಾಲಾ ಮಕ್ಕಳ ವ್ಯಾಯಾಮವಾಗಿ ತಂದಿದ್ದರು. 1922ರಲ್ಲಿ ಅಲ್ಲಿನವರೇ ಆದ ಗುರು ಫುನಕೋಶಿ ಟೋಕಿಯೋಗೆ ಒಯ್ದರು. ‘ಚೀನಾದ ಕೈ’ ಅಂತ ಬರೆಯುತ್ತಿದ್ದ ಹೆಸರು, ಉಚ್ಚಾರ ಹಾಗೇ ಉಳಿದು, ‘ಬರಿಗೈ’ ಆಯಿತು. ಕರಾಟೆಯೇ ಇಷ್ಟು ಸಲ ಉದ್ದೇಶ ಬದಲಿಸಿರುವಾಗ ನಿಮ್ಮದು ಬದಲಾದರೆ ಏನು ತಪ್ಪು?

ಬೆಲ್ಟ್ ಇಲ್ಲದೆ ಪ್ರಗತಿ ಅಳೆಯೋದು ಹೇಗೆ ಅಂತ ಕೇಳಿದ್ದೀರಿ. ಗೋಡೆಯ ಮೇಲೆ ನಿಮ್ಮ ಕಿವಿಯ ಎತ್ತರಕ್ಕೆ ಅಡ್ಡಗೆರೆ ಎಳೆದು, ನಿಲುವಿಗೆ ತಗ್ಗಿ ನಿಂತಾಗ ಕಿವಿ ಎಲ್ಲಿ ಬರುತ್ತದೋ ಅಲ್ಲಿ ಇನ್ನೊಂದು ಎಳೆಯಿರಿ. ತಿಂಗಳಿಗೊಮ್ಮೆ ಪಕ್ಕದಿಂದ ಮೊಬೈಲಿನಲ್ಲಿ ವಿಡಿಯೋ ತೆಗೆಸಿ. ಹೆಜ್ಜೆ ಇಡುವಾಗ ಕಿವಿ ಕೆಳಗಿನ ಗೆರೆಯಿಂದ ಮೇಲೇಳುತ್ತಿದ್ದರೆ ಹಿಂದಿನ ಕಾಲು ತಳ್ಳುತ್ತಿಲ್ಲ, ನೀವು ಎದ್ದು ನಡೆಯುತ್ತಿದ್ದೀರಿ.