ಬೂಷ್ಟು ಹಿಡಿದ ಡ್ರೈವಾಲ್: ತೊಳೆಯೋದಾ, ಕತ್ತರಿಸೋದಾ?

ಡ್ರೈವಾಲ್, ಅಂದರೆ ಕಾಗದ ಹೊದಿಸಿದ ಜಿಪ್ಸಂ ಬೋರ್ಡ್ ಗೋಡೆಗಳ ಬಗ್ಗೆ ಬಂದ ನಾಲ್ಕು ಪ್ರಶ್ನೆಗಳನ್ನು ಈ ಸಲ ತೆಗೆದುಕೊಂಡಿದ್ದೇವೆ. ಉತ್ತರ ಕೊಟ್ಟಿರುವವರು ನೀರು ನುಗ್ಗಿದ ಕಟ್ಟಡಗಳ ದುರಸ್ತಿ ಮಾಡಿಸುವ ಎಂಜಿನಿಯರ್.

ಪ್ರಶ್ನೆ: ನಮಸ್ಕಾರ ಸರ್. ನ್ಯೂಜೆರ್ಸಿಯ ಎಡಿಸನ್‌ನಲ್ಲಿ ನಮ್ಮ ಮನೆ. ಬೇಸ್‌ಮೆಂಟ್‌ನಲ್ಲಿ ಮಕ್ಕಳಿಗೆ ಆಟದ ಕೋಣೆ ಮಾಡಿಸಿದ್ದೇವೆ. ಹೋದ ತಿಂಗಳ ಮಳೆಗೆ ಅಲ್ಲಿನ ಕಾರ್ಪೆಟ್ ಒದ್ದೆಯಾಗಿತ್ತು. ಫ್ಯಾನ್ ಇಟ್ಟು ಒಣಗಿಸಿದೆವು. ಈಗ ಗೋಡೆಯ ಬುಡದಲ್ಲಿ ಸುಮಾರು ಒಂದು ಅಡಿ ಎತ್ತರಕ್ಕೆ ಕಪ್ಪು ಚುಕ್ಕೆ ಬಂದಿದೆ. ಬ್ಲೀಚ್ ಹೊಡೆದು ಮೇಲೆ ಪ್ರೈಮರ್ ಬಳಿದರೆ ಸಾಕು ಅಂತಾರೆ ಕೆಲಸದವರು. ಮಾಡಿಸಬಹುದಾ?

ಉತ್ತರ: ದಯವಿಟ್ಟು ಮಾಡಿಸಬೇಡಿ. ಎರಡು ಮೂರು ತಿಂಗಳು ಗೋಡೆ ಚೆನ್ನಾಗಿ ಕಾಣುತ್ತದೆ, ಆಮೇಲೆ ಅದೇ ಜಾಗದಲ್ಲಿ ಬಣ್ಣ ಉಬ್ಬುತ್ತದೆ. ಅಷ್ಟರಲ್ಲಿ ಹಿಂದಿನ ಮರಕ್ಕೂ ಹಿಡಿದಿರುತ್ತದೆ.

ನಮ್ಮೂರಿನ ಇಟ್ಟಿಗೆ ಗೋಡೆ ನೋಡಿ ಬೆಳೆದವರಿಗೆ ಇದು ಸ್ವಲ್ಪ ಅತಿ ಅನ್ನಿಸಬಹುದು. ಮಳೆಗಾಲದಲ್ಲಿ ಗಾರೆಯ ಮೇಲೆ ಬೂಷ್ಟು ಬರುತ್ತದೆ, ಉಜ್ಜಿ ತೊಳೆದು ಬೇಸಿಗೆಯಲ್ಲಿ ಸುಣ್ಣ ಹೊಡೆಯುತ್ತೇವೆ, ಮುಗಿಯಿತು. ಅಮೆರಿಕದ ಗೋಡೆಯ ಸಂಗತಿಯೇ ಬೇರೆ. ಮರದ ಚೌಕಟ್ಟು, ಅದಕ್ಕೆ ಹೊಡೆದ ಅರ್ಧ ಇಂಚು ದಪ್ಪದ ಹಲಗೆ, ಒಳಗೆ ಟೊಳ್ಳು. ಆ ಹಲಗೆಯ ನಡುವೆ ಇರುವುದು ಜಿಪ್ಸಂ, ಎರಡೂ ಮುಖಕ್ಕೆ ಅಂಟಿಸಿರುವುದು ಕಾಗದ. ಜಿಪ್ಸಂ ಒಂದು ಖನಿಜ. ಬೂಷ್ಟಿಗೆ ಅದರಲ್ಲಿ ತಿನ್ನಲು ಏನೂ ಇಲ್ಲ. ಅದು ತಿನ್ನುವುದು ಕಾಗದವನ್ನು. ಅದರ ಬೇರು ಕಾಗದದ ನಾರಿನೊಳಗೆ ಇಳಿದಿರುತ್ತದೆ, ಹಾಗಾಗಿ ಮೇಲಿಂದ ಒರೆಸಿದರೆ ಬರುವುದಿಲ್ಲ. ಬ್ಲೀಚ್‌ನಲ್ಲಿ ಬಹುಪಾಲು ನೀರೇ. ಅದರ ಕ್ಲೋರಿನ್ ಮೇಲ್ಮೈಯಲ್ಲೇ ಕೆಲಸ ಮುಗಿಸಿಬಿಡುತ್ತದೆ, ನೀರು ಮಾತ್ರ ಒಳಗೆ ಹೋಗುತ್ತದೆ. ಬೂಷ್ಟಿಗೆ ಬೇಕಾದದ್ದೂ ಅದೇ ಅಲ್ವಾ? ಸತ್ತ ಬೂಷ್ಟಿಗೂ ಅಲರ್ಜಿ ಆಗುತ್ತದೆ. ಆದ್ದರಿಂದ ಕೊಂದು ಅಲ್ಲೇ ಬಿಟ್ಟರೆ ಕೆಲಸ ಆದಂತಲ್ಲ, ತೆಗೆದು ಹೊರಗೆ ಹಾಕಬೇಕು. ಬೂಷ್ಟಿನ ಕೆಲಸಕ್ಕೆ ಬ್ಲೀಚನ್ನು ಮಾಮೂಲಿಯಾಗಿ ಬಳಸಬೇಡಿ, ಬೂಷ್ಟಿನ ಮೇಲೆ ಬಣ್ಣ ಬಳಿಯಬೇಡಿ ಎಂದು ಅಲ್ಲಿನ ಪರಿಸರ ಸಂಸ್ಥೆ ಇಪಿಎ ಕೂಡ ಹೇಳುತ್ತದೆ.

ಇನ್ನೊಂದು ಮಾತು. ಮುಂದೆ ನಿಮಗೆ ಕಾಣುತ್ತಿರುವುದು ಕೊನೆಯ ಹಂತ. ಬೇಸ್‌ಮೆಂಟ್ ಗೋಡೆಯಲ್ಲಿ ಬೂಷ್ಟು ಶುರುವಾಗುವುದು ಸಾಮಾನ್ಯವಾಗಿ ಹಲಗೆಯ ಹಿಂಬದಿಯಲ್ಲಿ. ಅಲ್ಲಿ ಕತ್ತಲೆ, ಗಾಳಿ ಆಡುವುದಿಲ್ಲ, ತಣ್ಣನೆಯ ಕಾಂಕ್ರೀಟ್ ಪಕ್ಕದಲ್ಲೇ ಇದೆ. ಮುಂದೆ ಒಂದು ಅಡಿ ಕಂಡರೆ ಹಿಂದೆ ಎರಡು ಅಡಿ ಇದ್ದರೂ ಆಶ್ಚರ್ಯವಿಲ್ಲ. ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಡ್ರೈವಾಲ್ ನೀರನ್ನು ಮೇಲಕ್ಕೆ ಎಳೆಯುತ್ತದೆ. ನೆಲದ ಮೇಲೆ ಒಂದೇ ಇಂಚು ನೀರು ನಿಂತಿದ್ದರೂ ಗೋಡೆ ಅದಕ್ಕಿಂತ ಬಹಳ ಮೇಲಿನವರೆಗೆ ಒದ್ದೆಯಾಗಿರುತ್ತದೆ.

ಗೋಡೆ ಮುಟ್ಟುವ ಮೊದಲು ನೀರು ಎಲ್ಲಿಂದ ಬಂತು ಅಂತ ಹುಡುಕಿ. ಇದನ್ನು ನಾನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ, ಯಾಕೆಂದರೆ ಜನ ಬಿಟ್ಟುಬಿಡುವುದು ಇದನ್ನೇ. ಮಳೆ ಬರುವಾಗ ಛತ್ರಿ ಹಿಡಿದು ಮನೆಯ ಸುತ್ತ ಒಂದು ಸುತ್ತು ಬನ್ನಿ. ಸೂರಿನ ಗಟರ್ ತುಂಬಿ ಗೋಡೆಯ ಬುಡಕ್ಕೆ ಸುರಿಯುತ್ತಿದೆಯಾ? ಗಟರಿನ ಪೈಪು ನೀರನ್ನು ಗೋಡೆಯ ಪಕ್ಕದಲ್ಲೇ ಬಿಡುತ್ತಿದೆಯಾ? ಮನೆಯಿಂದ ಆಚೆಗೆ ಮೊದಲ 10 ಅಡಿಯಲ್ಲಿ ನೆಲ ಕನಿಷ್ಠ 6 ಇಂಚು ಇಳಿಜಾರಿರಬೇಕು. ಅನೇಕ ಮನೆಗಳಲ್ಲಿ ಹೂವಿನ ಪಾತಿ ಮಾಡಿ ಆ ಇಳಿಜಾರನ್ನೇ ಒಳಕ್ಕೆ ತಿರುಗಿಸಿರುತ್ತಾರೆ. ಬೇಸ್‌ಮೆಂಟಿನ ಗುಂಡಿಯಲ್ಲಿ ಕೂಡುವ ನೀರನ್ನು ಹೊರಗೆ ಹಾಕುವ ಸಂಪ್ ಪಂಪ್ ಇದ್ದರೆ ಆ ಗುಂಡಿಗೆ ಒಂದು ಬಕೆಟ್ ನೀರು ಸುರಿದು, ಪಂಪ್ ತಾನಾಗೇ ಶುರುವಾಗುತ್ತದಾ ನೋಡಿ. ಬ್ಯಾಟರಿ ಬ್ಯಾಕಪ್ ಹಾಕಿಸಿ. 2021ರ ಸೆಪ್ಟೆಂಬರ್ 1ರ ರಾತ್ರಿ ಐಡಾ ಚಂಡಮಾರುತದ ಉಳಿಕೆ ಮಳೆ ನ್ಯೂಜೆರ್ಸಿಯನ್ನು ಹೇಗೆ ಮುಳುಗಿಸಿತು ಅಂತ ನಿಮ್ಮ ಅಕ್ಕಪಕ್ಕದವರನ್ನು ಕೇಳಿದರೆ ಹೇಳುತ್ತಾರೆ. ದೊಡ್ಡ ಮಳೆ ಬಂದಾಗಲೇ ಕರೆಂಟ್ ಹೋಗುವುದು, ಪಂಪ್ ಬೇಕಾಗುವುದೂ ಆಗಲೇ.

ಈಗ ಕತ್ತರಿಸುವ ಕೆಲಸ. ಬೂಷ್ಟು 10 ಚದರ ಅಡಿಗಿಂತ ಕಡಿಮೆ ಇದ್ದರೆ ಮನೆಯವರೇ ಮಾಡಿಕೊಳ್ಳಬಹುದು ಎಂಬುದು ಇಪಿಎ ಕೊಡುವ ಲೆಕ್ಕ. ನಿಮ್ಮದು ಒಂದು ಅಡಿ ಎತ್ತರ ಅಂದಿರಿ. ಗೋಡೆ 10 ಅಡಿ ಉದ್ದವಿದ್ದರೆ ಅಲ್ಲಿಗೇ ಆ ಲೆಕ್ಕ ಮುಗಿಯಿತು. ಅದಕ್ಕಿಂತ ಉದ್ದಕ್ಕೆ ಹರಡಿದ್ದರೆ ಈ ಕೆಲಸ ಗೊತ್ತಿರುವವರನ್ನೇ ಕರೆಸಿ. ಮನೆ ಹಳೆಯದಾದರೆ ಇನ್ನೂ ಒಂದು ಕಾರಣವಿದೆ. 1978ಕ್ಕಿಂತ ಹಿಂದಿನ ಮನೆಗಳ ಬಣ್ಣದಲ್ಲಿ ಸೀಸ, ಹಲಗೆಗಳ ಸಂದು ಮುಚ್ಚುವ ಪುಟ್ಟಿಯಲ್ಲಿ ಕಲ್ನಾರು ಇರಬಹುದು. ಅಂಥ ಗೋಡೆಯನ್ನು ಪರೀಕ್ಷೆ ಮಾಡಿಸದೆ ಗರಗಸ ಹಾಕಲೇಬೇಡಿ.

ಯಾರೇ ಮಾಡಲಿ, ನೀವು ಪಕ್ಕದಲ್ಲಿ ನಿಂತು ನೋಡಬೇಕಾದ್ದು ಇಷ್ಟು. ಆ ಭಾಗದ ಕರೆಂಟ್ ತೆಗೆದಿರಬೇಕು. ಎನ್95 ಮಾಸ್ಕ್, ಉದ್ದ ಗ್ಲೌಸ್, ಕಣ್ಣಿನ ಸುತ್ತ ಪೂರ್ತಿ ಮುಚ್ಚುವ ಕನ್ನಡಕ ಹಾಕಿರಬೇಕು. ಮೆಟ್ಟಿಲ ಬಾಗಿಲಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಕಟ್ಟಿ ಟೇಪ್ ಹಚ್ಚಿರಬೇಕು. ಎಸಿ ಮತ್ತು ಹೀಟರಿನ ಗಾಳಿಕಿಂಡಿ ಮುಚ್ಚಿರಬೇಕು. ಬೂಷ್ಟು ಕಾಣಿಸಿಕೊಂಡ ಮೇಲೆ ಫ್ಯಾನ್ ಹಾಕಬಾರದು. ಒದ್ದೆಯಾದ ಮೊದಲ ದಿನ ಫ್ಯಾನ್ ಒಳ್ಳೆಯದೇ, ಆದರೆ ಚುಕ್ಕೆ ಬಂದ ಮೇಲೆ ಅದು ಬೂಷ್ಟಿನ ಬೀಜಕಣವನ್ನು ಇಡೀ ಮನೆಗೆ ಹಂಚುತ್ತದೆ. ಕೊನೆಯ ಚುಕ್ಕೆ ಕಂಡ ಜಾಗದಿಂದ ಇನ್ನೂ ಎರಡು ಅಡಿ ಮೇಲಕ್ಕೆ ಕತ್ತರಿಸಿ. ನೆಲದಿಂದ ಸರಿಯಾಗಿ 4 ಅಡಿಗೆ ಕತ್ತರಿಸಿದರೆ ಮತ್ತೆ ಹಲಗೆ ಕೂರಿಸುವುದು ಸುಲಭ, ಯಾಕೆಂದರೆ ಹಲಗೆಯ ಅಗಲವೇ 4 ಅಡಿ. ತೆಗೆದ ತುಂಡುಗಳನ್ನು ಅಲ್ಲೇ ದಪ್ಪ ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಹೊರಗೆ ಒಯ್ಯಿರಿ. ಚಳಿ ತಡೆಯಲು ಒಳಗೆ ತುಂಬಿರುವ ಒದ್ದೆ ಇನ್ಸುಲೇಷನ್, ಕಾರ್ಪೆಟ್ಟಿನ ಕೆಳಗಿನ ಪ್ಯಾಡು ಎರಡೂ ಹೋಗಲಿ.

ಮರದ ಚೌಕಟ್ಟು ಉಳಿಯುತ್ತದೆ. ಅದನ್ನು ಬ್ರಷ್‌ನಿಂದ ಉಜ್ಜಿ, ಅತಿ ಸಣ್ಣ ಕಣವನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್‌ನಿಂದ ಎಳೆದು, ಸೋಪಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ. ಆಮೇಲೆ ಕಾಯಿರಿ. ಗಾಳಿಯ ತೇವ ಎಳೆಯುವ ಡೀಹ್ಯೂಮಿಡಿಫೈಯರ್ ಹಾಕಿ ಒಣಗಿಸಿ. ಮರದ ತೇವ ಅಳೆಯುವ ಮೀಟರ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಶೇ 15ರ ಹತ್ತಿರ ಇಳಿಯುವ ತನಕ ಹೊಸ ಹಲಗೆ ಮುಚ್ಚಬೇಡಿ, ಕೈಯಿಂದ ಮುಟ್ಟಿ ನೋಡಿ ಒಣಗಿದೆ ಅಂದುಕೊಳ್ಳಲೂ ಬೇಡಿ. ಹೊಸದಾಗಿ ಹಾಕುವಾಗ ಕಾಗದದ ಬದಲು ಫೈಬರ್‌ಗ್ಲಾಸ್ ಹೊದಿಕೆಯ ಬೋರ್ಡ್ ಕೇಳಿ. ನೆಲಕ್ಕೆ ತಾಗದ ಹಾಗೆ ಅರ್ಧ ಇಂಚು ಮೇಲೆ ನಿಲ್ಲಿಸಲು ಹೇಳಿ. ಕಾರ್ಪೆಟ್ ಬೇಸ್‌ಮೆಂಟಿಗೆ ವಾಪಸ್ ಬರುವುದು ಬೇಡವೇ ಬೇಡ. ಮಕ್ಕಳು ಆಡುವ ಜಾಗ ಅದು.

ಪ್ರಶ್ನೆ: ಹ್ಯೂಸ್ಟನ್ ಹತ್ತಿರದ ಕೇಟಿಯಲ್ಲಿದ್ದೇವೆ. ಮಹಡಿಯ ಬಾತ್‌ರೂಮ್ ಪೈಪ್ ಒಡೆದು ಕೆಳಗಿನ ಗೋಡೆ, ಸೀಲಿಂಗ್ ಎರಡೂ ಹಾಳಾಗಿದೆ. ಒಬ್ಬರು ಬಂದು ನೋಡಿ "ಇದು ವಿಷದ ಕಪ್ಪು ಬೂಷ್ಟು ಇರಬಹುದು, ಮೊದಲು ಲ್ಯಾಬ್ ಟೆಸ್ಟ್, ಆಮೇಲೆ ನಾವೇ ತೆಗೆದುಕೊಡುತ್ತೇವೆ" ಅಂದರು. ಭಯ ಆಗಿದೆ.

ಉತ್ತರ: ಭಯ ಬೇಡ, ತಡವೂ ಬೇಡ. ಅವರು ಹೇಳುತ್ತಿರುವುದು ಸ್ಟ್ಯಾಕಿಬಾಟ್ರಿಸ್ ಎಂಬ ಜಾತಿ. ತುಂಬ ದಿನ ನೆನೆದ ಕಾಗದ ಅಂದರೆ ಅದಕ್ಕೆ ಇಷ್ಟ, ಹಾಗಾಗಿ ಡ್ರೈವಾಲ್‌ನಲ್ಲಿ ಸಿಗುತ್ತದೆ. ಆದರೆ ಬಣ್ಣ ನೋಡಿ ಜಾತಿ ಹೇಳಲು ಬರುವುದಿಲ್ಲ. ಕಪ್ಪಗಿರುವ ಬೇರೆ ಬೂಷ್ಟುಗಳು ಎಷ್ಟೋ ಇವೆ. ಜಾತಿ ಯಾವುದಾದರೂ ಮಾಡಬೇಕಾದ ಕೆಲಸ ಒಂದೇ. ಬೂಷ್ಟು ಕಣ್ಣಿಗೆ ಕಾಣುತ್ತಿರುವಾಗ ಅದು ಇದೆಯಾ ಅಂತ ತಿಳಿಯಲು ಟೆಸ್ಟ್‌ಗೆ ದುಡ್ಡು ಕೊಡಬೇಕಿಲ್ಲ. ಗಾಳಿಯಲ್ಲಿ ಇಷ್ಟೇ ಬೀಜಕಣ ಇರಬಹುದು ಎಂಬ ಮಿತಿಯನ್ನು ಅಮೆರಿಕದ ಕೇಂದ್ರ ಸರ್ಕಾರ ಗೊತ್ತುಮಾಡಿಲ್ಲ. ಹಾಗಾಗಿ ರಿಪೋರ್ಟಿನಲ್ಲಿ ಬರುವ ಸಂಖ್ಯೆಯನ್ನು ಯಾವುದಕ್ಕೆ ಹೋಲಿಸುತ್ತೀರಿ?

ಇನ್ನು "ನಾವೇ ಪರೀಕ್ಷೆ, ನಾವೇ ಕೆಲಸ" ಎಂಬ ಮಾತು. ಟೆಕ್ಸಸ್‌ನಲ್ಲಿ ಈ ಕೆಲಸಕ್ಕೆ ಲೈಸೆನ್ಸ್ ಕಾನೂನಿದೆ. ನೋಡಿಕೊಳ್ಳುವುದು ಟಿಡಿಎಲ್‌ಆರ್ ಎಂಬ ರಾಜ್ಯ ಇಲಾಖೆ. ಒಂದೇ ಕೆಲಸದಲ್ಲಿ ಪರೀಕ್ಷಿಸುವವರೂ ತೆಗೆಯುವವರೂ ಒಬ್ಬರೇ ಆಗುವಂತಿಲ್ಲ. ಒಬ್ಬರು ಬಂದು ನೋಡಿ ಏನು ತೆಗೆಯಬೇಕು, ಹೇಗೆ ತೆಗೆಯಬೇಕು ಅಂತ ಬರೆದುಕೊಡುತ್ತಾರೆ. ಇನ್ನೊಬ್ಬರು ಅದರಂತೆ ಕೆಲಸ ಮಾಡುತ್ತಾರೆ. ಮುಗಿದ ಮೇಲೆ ಮತ್ತೆ ಪರೀಕ್ಷೆಯವರು ನೋಡಿ ಒಪ್ಪಬೇಕು. ಒಂದೇ ಕಡೆ ಕೂಡಿಕೊಂಡಿರುವ ಬೂಷ್ಟು 25 ಚದರ ಅಡಿಗಿಂತ ಕಡಿಮೆ ಇದ್ದರೆ ಈ ಲೈಸೆನ್ಸ್ ಬೇಕಿಲ್ಲ. ನಿಮ್ಮದು ಸೀಲಿಂಗ್ ಕೂಡ ಸೇರಿದೆ, ಅಳೆದು ನೋಡಿ. ಮೀರಿದ್ದರೆ ಲೈಸೆನ್ಸ್ ನಂಬರ್ ಕೇಳಿ, ಇಲಾಖೆಯ ವೆಬ್‌ಸೈಟಿನಲ್ಲಿ ತಾಳೆ ನೋಡಿ. ಕೊನೆಯಲ್ಲಿ ಬೂಷ್ಟು ನಿವಾರಣೆಯ ಸರ್ಟಿಫಿಕೇಟ್ ಸಿಗುತ್ತದೆ. ಜೋಪಾನವಾಗಿ ಇಡಿ, ಮನೆ ಮಾರುವಾಗ ಬೇಕಾಗುತ್ತದೆ.

ಇನ್ಶೂರೆನ್ಸ್‌ಗೆ ಇವತ್ತೇ ಫೋನ್ ಮಾಡಿ. ದಿಢೀರ್ ಒಡೆದ ಪೈಪಿನ ಹಾನಿಯನ್ನು ಸಾಮಾನ್ಯವಾಗಿ ಒಪ್ಪುತ್ತಾರೆ, ತಿಂಗಳುಗಟ್ಟಲೆ ಜಿನುಗಿದ್ದನ್ನು ಒಪ್ಪುವುದಿಲ್ಲ. ಬೂಷ್ಟಿನ ಖರ್ಚಿಗೆ ಪ್ರತ್ಯೇಕ ಮಿತಿ ಇಟ್ಟಿರುವ ಪಾಲಿಸಿಗಳೇ ಜಾಸ್ತಿ. ಒಡೆದ ಪೈಪಿನ ತುಂಡನ್ನು ಬಿಸಾಡಬೇಡಿ, ಅದೇ ನಿಮ್ಮ ಸಾಕ್ಷಿ. ತೆಗೆಯುವ ಮೊದಲು ಪ್ರತಿ ಗೋಡೆಯ ಫೋಟೊ ಇರಲಿ. 2017ರಲ್ಲಿ ಹಾರ್ವಿ ಚಂಡಮಾರುತ ಬಂದಾಗ ನಿಮ್ಮ ಕಡೆಯ ಬೀದಿಗಳಲ್ಲಿ ಕಿತ್ತ ಡ್ರೈವಾಲ್ ರಾಶಿ ಬಿದ್ದಿತ್ತು. ಆಗ ಹೊರಗಿಂದ ನುಗ್ಗಿದ ಪ್ರವಾಹದ ನೀರಿಗೆ ಮನೆಯ ಮಾಮೂಲಿ ಪಾಲಿಸಿ ಅನ್ವಯಿಸುವುದಿಲ್ಲ, ಅದಕ್ಕೆ ಬೇರೆ ಪಾಲಿಸಿ ಬೇಕು ಅಂತ ಎಷ್ಟೋ ಜನಕ್ಕೆ ಗೊತ್ತಾಯಿತು. ನಿಮ್ಮದು ಪೈಪಿನ ನೀರು, ಆ ತೊಡಕಿಲ್ಲ.

ಪ್ರಶ್ನೆ: ಬೆಂಗಳೂರು ಹೊರವರ್ತುಲ ರಸ್ತೆಯಲ್ಲಿ ನಮ್ಮ ಚಿಕ್ಕ ಆಫೀಸು, ನೆಲಮಹಡಿ. ಮಳೆ ನೀರು ಒಳಗೆ ಬಂದು ಎರಡು ದಿನ ಇತ್ತು. ಜಿಪ್ಸಂ ಪಾರ್ಟಿಷನ್‌ಗಳು ಮೇಲ್ನೋಟಕ್ಕೆ ಚೆನ್ನಾಗಿವೆ. ಆದರೆ ಎಸಿ ಹಾಕಿದರೆ ಮುಗ್ಗಲು ವಾಸನೆ, ಇಬ್ಬರಿಗೆ ಬಿಡದ ಕೆಮ್ಮು. ಓನರ್ ಬಣ್ಣ ಹೊಡೆಸಿಕೊಡುತ್ತೇನೆ ಅಂತಾರೆ.

ಉತ್ತರ: ಓನರ್‌ಗೆ ಬಣ್ಣ ಬೇಡ ಅನ್ನಿ, ಒಂದು ಹಲಗೆ ಬಿಚ್ಚಲು ಒಪ್ಪಿಗೆ ಕೇಳಿ. ಸ್ಕರ್ಟಿಂಗ್ ತೆಗೆಸಿ, ಬುಡದಲ್ಲಿ ಅಂಗೈ ಅಗಲದ ತೂತು ಮಾಡಿಸಿ, ಟಾರ್ಚ್ ಬಿಟ್ಟು ಹಿಂಬದಿಯ ಕಾಗದ ನೋಡಿ. ಒಳಗೆ ಸದ್ದು ತಡೆಯಲು ಗ್ಲಾಸ್ ವೂಲ್ ತುಂಬಿದ್ದರೆ ಅದನ್ನು ಹಿಂಡಿ ನೋಡಿ. ವಾಸನೆಯ ಮೂಲ ಅಲ್ಲೇ ಸಿಗುವ ಸಂಭವ ಜಾಸ್ತಿ.

ಬೂಷ್ಟು ಇಲ್ಲದಿದ್ದರೂ ಆ ಹಲಗೆಗಳು ಹೋಗಬೇಕು. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಹೊರವರ್ತುಲ ರಸ್ತೆಯ ಕಡೆ ನುಗ್ಗಿದ ನೀರು ಎಂಥದ್ದು ಅಂತ ನೋಡಿದ್ದೀರಿ. ನಮ್ಮ ರಾಜಕಾಲುವೆಗಳಲ್ಲಿ ಮಳೆ ನೀರಿನ ಜೊತೆ ಚರಂಡಿ ನೀರೂ ಹರಿಯುತ್ತದೆ. ಅದನ್ನು ಕುಡಿದ ಜಿಪ್ಸಂ ಬೋರ್ಡನ್ನು ಒಣಗಿಸಿ ಉಳಿಸಿಕೊಳ್ಳುವ ಪ್ರಶ್ನೆಯೇ ಇಲ್ಲ. ಶುದ್ಧ ನೀರಾಗಿದ್ದರೂ ಒದ್ದೆಯಾದ 24ರಿಂದ 48 ಗಂಟೆಯೊಳಗೆ ಪೂರ್ತಿ ಒಣಗಬೇಕಿತ್ತು. ನಿಮ್ಮಲ್ಲಿ ನೀರು ನಿಂತಿದ್ದೇ ಎರಡು ದಿನ.

ಆಫೀಸಿನಲ್ಲಿ ಮನೆಗಿಂತ ದೊಡ್ಡ ತೊಂದರೆ ಎಸಿ. ಅನೇಕ ಆಫೀಸುಗಳಲ್ಲಿ ಫಾಲ್ಸ್ ಸೀಲಿಂಗ್ ಮೇಲಿನ ಖಾಲಿ ಜಾಗದಿಂದಲೇ ಗಾಳಿ ಯಂತ್ರಕ್ಕೆ ವಾಪಸ್ ಹೋಗುತ್ತದೆ. ಕೆಳಗೆ ಗೋಡೆ ಒಡೆದರೆ ಧೂಳು, ಬೀಜಕಣ ಎಲ್ಲ ಆ ದಾರಿಯಲ್ಲಿ ಹೋಗಿ ಉಳಿದ ಕೋಣೆಗಳಿಗೆ ಬೀಳುತ್ತದೆ. ಆದ್ದರಿಂದ ಕೆಲಸದ ಜಾಗದ ಎಸಿ ನಿಲ್ಲಿಸಿ, ಗಾಳಿಕಿಂಡಿ ಮುಚ್ಚಿ, ಸುತ್ತ ಪ್ಲಾಸ್ಟಿಕ್ ಕಟ್ಟಿ. ಒಳಗಿನ ಗಾಳಿಯನ್ನು ಕಿಟಕಿಯ ಮೂಲಕ ಹೊರಕ್ಕೇ ಎಳೆಯುವ ಎಕ್ಸಾಸ್ಟ್ ಫ್ಯಾನ್ ಇಡಿ. ಆಗ ಗಾಳಿ ಆಫೀಸಿನ ಕಡೆಯಿಂದ ಕೆಲಸದ ಜಾಗಕ್ಕೆ ಬರುತ್ತದೆ, ಅಲ್ಲಿಂದ ಆಫೀಸಿಗೆ ಹೋಗುವುದಿಲ್ಲ. ಕೆಲಸ ಮುಗಿಯುವ ತನಕ ಸಿಬ್ಬಂದಿಯನ್ನು ಮನೆಯಿಂದ ಕೆಲಸ ಮಾಡಲು ಬಿಡಿ. ಕೆಮ್ಮು ಇರುವ ಇಬ್ಬರನ್ನಂತೂ ಇವತ್ತಿನಿಂದಲೇ. ಹಲಗೆ ಕೀಳುವ ಕಾರ್ಮಿಕರಿಗೂ ಎನ್95 ಮಾಸ್ಕ್ ನೀವೇ ತಂದುಕೊಡಿ. ಮೂಗಿಗೆ ಟವೆಲ್ ಸುತ್ತಿಕೊಂಡು ಅವರು ಈ ಕೆಲಸ ಮಾಡುವುದನ್ನು ನೋಡಿದರೆ ನನಗೆ ತುಂಬ ಸಂಕಟವಾಗುತ್ತದೆ. ಅವರ ಶ್ವಾಸಕೋಶ ನಮ್ಮದಕ್ಕಿಂತ ಗಟ್ಟಿಯೇನಲ್ಲ.

ಟೆಕ್ಸಸ್‌ನಂಥ ಲೈಸೆನ್ಸ್ ಪದ್ಧತಿ ನಮ್ಮಲ್ಲಿಲ್ಲ. ಹಾಗಾಗಿ ಕೊಟೇಷನ್‌ನಲ್ಲೇ ಎಲ್ಲ ಬರೆಸಿ. ಎಷ್ಟು ಎತ್ತರಕ್ಕೆ ತೆಗೆಯುತ್ತಾರೆ, ಗ್ಲಾಸ್ ವೂಲ್ ಬದಲಾಯಿಸುತ್ತಾರಾ, ಎಷ್ಟು ದಿನ ಒಣಗಲು ಬಿಡುತ್ತಾರೆ, ಎಲ್ಲವೂ. ನಮ್ಮ ಪಾರ್ಟಿಷನ್‌ಗಳ ಒಳಗೆ ಮರ ಇರುವುದು ಕಡಿಮೆ, ಸತು ಲೇಪಿಸಿದ ಕಬ್ಬಿಣದ ಪಟ್ಟಿ (ಜಿಐ ಚಾನೆಲ್) ಇರುತ್ತದೆ. ಅದನ್ನು ತೊಳೆದು ಒರೆಸಿದರೆ ಸಾಕು. ಆದರೆ ಹೊರಗೋಡೆಗೆ ಒತ್ತಿ ಜಿಪ್ಸಂ ಹೊದಿಸಿದ್ದರೆ ಹಿಂದಿನ ಬ್ಲಾಕ್ ಗೋಡೆ ನೀರು ಕುಡಿದಿರುತ್ತದೆ. ಅದು ಒಣಗಲು ವಾರಗಳೇ ಬೇಕು. ಅಲ್ಲಿಯವರೆಗೆ ಗೋಡೆ ಬೆತ್ತಲೆಯಾಗಿಯೇ ಇರಲಿ. ಮತ್ತೆ ಮಾಡಿಸುವಾಗ ಕೆಳಗಿನ ಎರಡು ಅಡಿಗೆ ಫೈಬರ್ ಸಿಮೆಂಟ್ ಬೋರ್ಡ್ ಹಾಕಿಸಿ. ಹಸಿರು ಕಾಗದದ ಬೋರ್ಡ್ ತೇವ ತಡೆಯುತ್ತದೆ ನಿಜ. ಆದರೆ ಅದು ಬಾತ್‌ರೂಮಿನ ಹಬೆಗೆ ಮಾಡಿದ್ದು, ನಿಂತ ನೀರಿಗಲ್ಲ. ಹೊರಗೋಡೆಗೆ ವಿನೈಲ್ ವಾಲ್‌ಪೇಪರ್ ಅಂಟಿಸಬೇಡಿ. ಅದು ತೇವವನ್ನು ಒಳಗೇ ಹಿಡಿದಿಡುತ್ತದೆ, ಎಸಿಯ ತಂಪಿಗೆ ಅದರ ಹಿಂದೆಯೇ ಬೂಷ್ಟು ಬೆಳೆಯುತ್ತದೆ.

ಪ್ರಶ್ನೆ: ಹಾಸನದಿಂದ ಅಪ್ಪ ಅಮ್ಮ ಡಲ್ಲಾಸ್‌ಗೆ ಬರುತ್ತಿದ್ದಾರೆ. ಅಪ್ಪನಿಗೆ ಆಸ್ತಮಾ ಇದೆ. ಅವರಿಗೆ ಕೊಡುವ ಕೋಣೆಯ ಕಿಟಕಿ ಕೆಳಗೆ ಡ್ರೈವಾಲ್‌ನಲ್ಲಿ ಎರಡು ಕೈ ಅಗಲ ಬೂಷ್ಟು ಇದೆ. ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಕಾ?

ಉತ್ತರ: ಹೌದು, ಅವರು ಬರುವ ಮೊದಲೇ ಮುಗಿಸಿ. ಒಳಗಿನ ತೇವ ಮತ್ತು ಬೂಷ್ಟಿಗೂ ಆಸ್ತಮಾ ಕೆರಳುವುದಕ್ಕೂ ಇರುವ ನಂಟನ್ನು ವಿಶ್ವ ಆರೋಗ್ಯ ಸಂಸ್ಥೆ 2009ರ ಮಾರ್ಗಸೂಚಿಯಲ್ಲೇ ಹೇಳಿದೆ. ಕೆಲಸ ಚಿಕ್ಕದು, ಒಂದು ರಜಾದಿನ ಸಾಕು. ಕಿಟಕಿಯ ಹೊರಗಿನ ಸಂದು ಮೊದಲು ಮುಚ್ಚಿಸಿ, ಆಮೇಲೆ ಆ ತುಂಡು ಕತ್ತರಿಸಿ, ಒಳಗೆ ಒಣಗಿದ ಮೇಲೆ ಹೊಸದು ಹಾಕಿಸಿ. ಕೋಣೆಯಲ್ಲಿ ತೇವಾಂಶ ತೋರಿಸುವ ಚಿಕ್ಕ ಮೀಟರ್ ಇಡಿ, ಶೇ 50ಕ್ಕಿಂತ ಕೆಳಗಿರಲಿ. ಅಷ್ಟರಲ್ಲಿ ಅವರು ಬಂದುಬಿಟ್ಟರೆ ಬೇರೆ ಕೋಣೆ ಕೊಡಿ. ಕತ್ತರಿಸುವ ದಿನ ಅಪ್ಪನನ್ನು ಸ್ನೇಹಿತರ ಮನೆಗೆ ಕಳಿಸಿ. ಧೂಳನ್ನು ಹೆಪಾ ವ್ಯಾಕ್ಯೂಮ್‌ನಿಂದ ಎಳೆದು, ಒದ್ದೆ ಬಟ್ಟೆಯಲ್ಲಿ ಒರೆಸಿದ ಮೇಲೆ ವಾಪಸ್ ಕರೆದುಕೊಂಡು ಬನ್ನಿ.